ಸ್ಯಾಕ್ ಇದೆ, ಹಾರ್ಟ್‌ಬೀಟ್ ಇಲ್ಲ ಅಂದರು: ಐದನೇ ವಾರದ ಆತಂಕ

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಇದು ನನ್ನ ಮೊದಲ ಬಸಿರು. ಮುಟ್ಟಿನ ದಿನ ದಾಟಿ ಎಂಟು ದಿನಕ್ಕೆ ಮನೆಯಲ್ಲೇ ಟೆಸ್ಟ್ ಮಾಡಿಕೊಂಡೆ, ಎರಡು ಗೆರೆ ಬಂತು. ಮರುದಿನವೇ ಸ್ಕ್ಯಾನ್ ಮಾಡಿಸಿದೆ. ಸ್ಯಾಕ್ (ಮಗು ಬೆಳೆಯುವ ಚೀಲ) ಮಾತ್ರ ಕಾಣ್ತಿದೆ, ಹಾರ್ಟ್‌ಬೀಟ್ ಇಲ್ಲ, ಎರಡು ವಾರ ಬಿಟ್ಟು ಬನ್ನಿ ಅಂದರು. ವರದಿಯಲ್ಲಿ 5 ವಾರ 2 ದಿನ ಅಂತಿದೆ, ನನ್ನ ಲೆಕ್ಕಕ್ಕೆ ಮೂರು ವಾರ ಚಿಲ್ಲರೆ. ವಾಂತಿಯೂ ಇಲ್ಲ. ಎದೆ ನೋಯುತ್ತಿತ್ತು, ನಿನ್ನೆಯಿಂದ ಅದೂ ಕಮ್ಮಿ. ರಾತ್ರಿ ನಿದ್ದೆ ಬರ್ತಿಲ್ಲ.

ಉತ್ತರ (ಪ್ರಸೂತಿ ತಜ್ಞೆ): ನಮಸ್ತೆ ಅಮ್ಮಾ. ಮೊದಲು ಲೆಕ್ಕ ಸರಿಮಾಡಿಕೊಳ್ಳೋಣ, ಅರ್ಧ ಭಯ ಅಲ್ಲೇ ಇದೆ. ನಾವು ವಾರ ಎಣಿಸುವುದು ಗರ್ಭ ನಿಂತ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಹಾಗಾಗಿ ಮುಟ್ಟು ತಪ್ಪಿದ ದಿನಕ್ಕೇ ನಾಲ್ಕು ವಾರ ಆಗಿರುತ್ತದೆ. ನಿಮ್ಮದೂ ವರದಿಯದೂ ಎರಡೂ ಸರಿ.

ಐದನೇ ವಾರದ ಹೊತ್ತಿಗೆ ಕಾಣುವುದೇ ಸ್ಯಾಕ್. ನಾಲ್ಕೈದು ದಿನ ಕಳೆದರೆ ಅದರೊಳಗೆ ಯೋಕ್ ಸ್ಯಾಕ್ (ಭ್ರೂಣಕ್ಕೆ ಮೊದಮೊದಲು ಪೋಷಣೆ ಕೊಡುವ ಪುಟ್ಟ ಚೀಲ), ಆರು ವಾರ ದಾಟುತ್ತಾ ಪುಟ್ಟ ಭ್ರೂಣ, ಅದರ ಮಿಡಿತ. ಇದು ಯೋನಿಯ ಮೂಲಕ ಮಾಡುವ ಸ್ಕ್ಯಾನಿನ ಮಾತು. ಹೊಟ್ಟೆಯ ಮೇಲಿಂದ ನೋಡಿದರೆ ಇನ್ನೂ ಸ್ವಲ್ಪ ತಡ. ಮುಟ್ಟು ಏರುಪೇರಾಗುವವರಿಗೆ ಅಂಡ ಬಿಡುಗಡೆಯೇ ತಡವಾಗಿ, ಸ್ಕ್ಯಾನ್ ಒಂದು ವಾರ ಹಿಂದೆ ಬೀಳುವುದೂ ಉಂಟು. ಎಲ್ಲ ಸರಿಯಿದೆ ಎಂದು ನಾನು ಇಲ್ಲಿ ಕೂತು ಮಾತು ಕೊಡಲಾರೆ. ಆದರೆ ಏನೋ ಕೆಟ್ಟಿದೆ ಎನ್ನುವುದಕ್ಕೆ ನೀವು ಬರೆದದ್ದರಲ್ಲಿ ಏನೂ ಇಲ್ಲ. ಅವರು ಎರಡು ವಾರ ಅಂದದ್ದು ಸರಿಯಾದ ಸಲಹೆ. ನಾಳೆಯೇ ಬೇರೆ ಕಡೆ ಸ್ಕ್ಯಾನ್ ಮಾಡಿಸಿದರೆ ಇದೇ ಉತ್ತರ ಸಿಗುತ್ತದೆ, ಆತಂಕ ಮಾತ್ರ ಇಮ್ಮಡಿಯಾಗುತ್ತದೆ.

ವಾಕರಿಕೆ ಸಾಮಾನ್ಯವಾಗಿ ಆರನೇ ವಾರದ ಸುಮಾರಿಗೆ ಶುರು, ಒಂಬತ್ತನೇ ವಾರದ ಆಸುಪಾಸಿಗೆ ಜೋರು. ಕೆಲವರಿಗೆ ಬರುವುದೇ ಇಲ್ಲ. ಎದೆ ನೋವು ಒಂದು ದಿನ ಇದ್ದು ಒಂದು ದಿನ ಇಳಿಯುತ್ತದೆ, ಅದನ್ನು ಮಗುವಿನ ಸ್ಥಿತಿಗೆ ಅಳತೆಗೋಲು ಮಾಡಿಕೊಳ್ಳಬೇಡಿ.

ಈ ಎರಡು ವಾರದಲ್ಲಿ ಕಾಯದೇ ಆಸ್ಪತ್ರೆಗೆ ಓಡಬೇಕಾದದ್ದು: ಕಿಬ್ಬೊಟ್ಟೆಯ ಒಂದೇ ಪಕ್ಕದಲ್ಲಿ ತೀವ್ರ ನೋವು, ಭುಜದ ತುದಿಯಲ್ಲಿ ನೋವು, ಕಣ್ಣು ಕತ್ತಲೆಗಟ್ಟಿ ಬೀಳುವಂತಾಗುವುದು, ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತಸ್ರಾವ. ಸ್ಯಾಕಿನೊಳಗೆ ಯೋಕ್ ಸ್ಯಾಕ್ ಕಾಣುವವರೆಗೆ ಗರ್ಭ ಗರ್ಭಕೋಶದಲ್ಲೇ ಕೂತಿದೆ ಎಂದು ಪೂರ್ತಿ ಖಚಿತವಾಗದು, ಅಂಡ ಸಾಗಿಬರುವ ನಳಿಕೆಯಲ್ಲಿ ಕೂತಿದ್ದರೆ ತಾಯಿಯ ಜೀವಕ್ಕೇ ಅಪಾಯ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಫೋಲಿಕ್ ಆಸಿಡ್ ತಗೊಳ್ತಿದ್ದೀರಾ?

ಪ್ರಶ್ನೆ: ಇಲ್ಲ ಡಾಕ್ಟ್ರೇ, ಮುಂದಿನ ಸಲ ಕೇಳೋಣ ಅಂತಿದ್ದೆ. ಥೈರಾಯ್ಡ್ ಮಾತ್ರೆ ಇತ್ತು, ಮಗುವಿಗೆ ತೊಂದರೆಯಾದೀತು ಅಂತ ನಾನೇ ನಿಲ್ಲಿಸಿದೆ.

ಉತ್ತರ: ಆ ಮಾತ್ರೆ ಥೈರಾಕ್ಸಿನ್ (ಥೈರಾಯ್ಡ್ ಕಮ್ಮಿ ಇರುವವರಿಗೆ ಕೊಡುವ ಹಾರ್ಮೋನ್) ಆಗಿದ್ದರೆ ಇವತ್ತೇ ಮತ್ತೆ ಶುರುಮಾಡಿ, ಯಾವ ಮಾತ್ರೆಯೇ ಆಗಿರಲಿ ಇವತ್ತೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ. ಮೊದಲ ತಿಂಗಳುಗಳಲ್ಲಿ ಮಗು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ನಂಬಿರುತ್ತದೆ. ಬಸಿರಿನಲ್ಲಿ ಥೈರಾಕ್ಸಿನ್ ಪ್ರಮಾಣ ಹೆಚ್ಚಿಸಬೇಕಾಗುವುದೇ ಸಾಮಾನ್ಯ, ರಕ್ತ ಪರೀಕ್ಷೆ ನೋಡಿ ಅವರು ಹೇಳುತ್ತಾರೆ. ಫಿಟ್ಸ್ ಮಾತ್ರೆಯವರೂ ಇದನ್ನು ಓದುತ್ತಿದ್ದರೆ ಕೇಳಿ: ತಾವಾಗಿಯೇ ನಿಲ್ಲಿಸಬೇಡಿ, ತಕ್ಷಣ ವೈದ್ಯರನ್ನು ಕಾಣಿ. ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ, ಹನ್ನೆರಡು ವಾರ ತುಂಬುವವರೆಗೆ. ಮಗುವಿನ ಬೆನ್ನುಹುರಿಯ ನಾಳ ಆರನೇ ವಾರದ ಹೊತ್ತಿಗೇ ಮುಚ್ಚಿಕೊಳ್ಳುತ್ತದೆ, ಹಾಗಾಗಿ ಮುಂದಿನ ಸಲದವರೆಗೆ ಕಾಯುವುದು ಬೇಡ. ಸಕ್ಕರೆ ಕಾಯಿಲೆ, ಫಿಟ್ಸ್ ಇರುವವರಿಗೆ ಪ್ರಮಾಣ ಬೇರೆ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನನಗೆ ಏಳನೇ ವಾರ. ಮೊನ್ನೆ ತುಂಬಿದ ಬಕೆಟ್ ಎತ್ತಿದ್ದೆ, ಇವತ್ತು ಕಂದು ಬಣ್ಣದ ಸ್ಪಾಟಿಂಗ್. ಅತ್ತೆ, ನೀನೇ ಮಾಡಿಕೊಂಡೆ ಅಂತಿದ್ದಾರೆ.

ಉತ್ತರ: ಬಕೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಇದನ್ನು ನಿಮ್ಮ ಅತ್ತೆಯವರಿಗೂ ಓದಿ ಹೇಳಿ. ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ರಕ್ತ ಕಾಣಿಸುತ್ತದೆ, ಅವರಲ್ಲಿ ಬಹಳಷ್ಟು ಜನರ ಬಸಿರು ಮುಂದುವರಿಯುತ್ತದೆ. ಬಸಿರು ನಿಲ್ಲದೇ ಹೋದಾಗಲೂ ಹೆಚ್ಚಿನ ಸಲ ಕಾರಣ ಭ್ರೂಣದ ಕ್ರೋಮೋಸೋಮಿನ ದೋಷ, ತಾಯಿ ಎತ್ತಿದ್ದು, ನಡೆದದ್ದು, ಮೆಟ್ಟಿಲು ಹತ್ತಿದ್ದು ಅಲ್ಲ. ಇಷ್ಟು ವರ್ಷಗಳಲ್ಲಿ ಎಷ್ಟೋ ಹೆಂಗಸರು ‘ನೀನೇ ಮಾಡಿಕೊಂಡೆ’ ಎನ್ನುವ ಈ ಒಂದು ಮಾತಿಗೆ ನನ್ನೆದುರು ಅತ್ತಿದ್ದಾರೆ. ನಾಳೆ ಸ್ಕ್ಯಾನ್ ಮಾಡಿಸಿ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಮೊದಲೇ ಹೇಳಿ, ಆಂಟಿ-ಡಿ ಚುಚ್ಚುಮದ್ದು (ತಾಯಿಯ ದೇಹ ಮಗುವಿನ ರಕ್ತದ ವಿರುದ್ಧ ತಿರುಗದಂತೆ ತಡೆಯುವುದು) ಬೇಕೋ ಎಂದು ಅವರು ನೋಡುತ್ತಾರೆ.

ಮೊದಲು ಕೇಳಿದವರು: ಮಾತ್ರೆ ಈಗಲೇ ತಗೊಂಡೆ ಡಾಕ್ಟ್ರೇ.

ಉತ್ತರ: ಒಳ್ಳೆಯದು. ಮುಂದಿನ ಸ್ಕ್ಯಾನಿಗೆ ಹೋಗುವಾಗ ಈ ವರದಿಯನ್ನೂ ಜೊತೆಗೆ ಒಯ್ಯಿರಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೇ ಬೆಳವಣಿಗೆ ಗೊತ್ತಾಗುವುದು.