ಅಪ್‌ಡೇಟ್: ಹೋಗದ ವಾಸನೆ, ಜೊತೆಗೆ ಎಚ್‌ಪಿವಿ ಪಾಸಿಟಿವ್

ಮೂರು ವಾರದ ಹಿಂದೆ ಕೇಳಿದ್ದೆ: ಬಿಳಿಸೆರಗು, ಮೀನಿನಂಥ ವಾಸನೆ ಪದೇ ಪದೇ ಬರ್ತಿದೆ, ಮೇಲಿಂದ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತರಬಲ್ಲ ವೈರಸ್) ಪಾಸಿಟಿವ್, ಎರಡಕ್ಕೂ ಸಂಬಂಧ ಇದೆಯಾ ಅಂತ.

"ಫಂಗಸ್ ಮಾತ್ರೆ ನಿಲ್ಲಿಸಿ, ಮೊದಲು ಸ್ವಾಬ್ (ಸ್ರಾವದ ಪರೀಕ್ಷೆ) ಮಾಡಿಸಿ" ಎಂದವರಿಗೆ ದೊಡ್ಡ ಥ್ಯಾಂಕ್ಸ್. ಅದೇ ಸರಿ. ಡಾಕ್ಟರ್ ಪುಟ್ಟ ಕಾಗದದ ಪಟ್ಟಿ ತಾಗಿಸಿ ಬಣ್ಣ ನೋಡಿದರು. ಪಿಎಚ್ (ಹುಳಿಯ ಅಳತೆ) 4.5 ದಾಟಿತ್ತು, ಅಂದರೆ ಹುಳಿ ಕಡಿಮೆಯಾಗಿತ್ತು. ಸ್ಲೈಡ್‌ನಲ್ಲಿ ಅಂಚಿನ ತುಂಬ ಬ್ಯಾಕ್ಟೀರಿಯಾ ಮೆತ್ತಿಕೊಂಡ ಜೀವಕೋಶಗಳು. ಅಂದರೆ ಬ್ಯಾಕ್ಟೀರಿಯಲ್ ವಜೈನೋಸಿಸ್, ಯೋನಿಯ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪುವ ತೊಂದರೆ. 7 ದಿನ ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆ ಕೊಟ್ಟರು. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ, ಊಟಾನೇ ಬೇಡ ಅನಿಸುತ್ತಿತ್ತು. ನಾಲ್ಕನೇ ದಿನ ವಾಸನೆ ಮಾಯ.

ಇಂಟಿಮೇಟ್ ವಾಶ್ ಕೆಲಸ ಮಾಡಲಿಲ್ಲ, ಉರಿ ಜಾಸ್ತಿಯಾಯಿತು. ಮೊಸರು ಹಚ್ಚುವುದಂತೂ ಬೇಡವೇ ಬೇಡ!

ಆಶ್ಚರ್ಯ ಆಗಿದ್ದು ಇದು. ಯೋನಿಯಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಹುಳಿ ಮಾಡಿ ಕಾವಲು ಕಾಯುತ್ತದೆ. ಅದು ಕಡಿಮೆಯಾದರೆ ಬೇರೆ ಬ್ಯಾಕ್ಟೀರಿಯಾ ತುಂಬಿಕೊಳ್ಳುತ್ತವೆ. ಅಂಥವರಲ್ಲಿ ಎಚ್‌ಪಿವಿ ಹೆಚ್ಚು ದಿನ ಉಳಿಯುವುದು ಕಂಡುಬಂದಿದೆ. ಆದರೆ ಒಂದರಿಂದ ಇನ್ನೊಂದು ಹುಟ್ಟುವುದಿಲ್ಲ. ಈ ಮಾತ್ರೆಯಿಂದ ವೈರಸ್ ಸಾಯುವುದೂ ಇಲ್ಲ. ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ದೇಹವೇ ಅದನ್ನು ಓಡಿಸುತ್ತದಂತೆ. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಸುಮಾರು 70% ಬರುವುದು ಎಚ್‌ಪಿವಿಯ 16 ಮತ್ತು 18ನೇ ಬಗೆಗಳಿಂದ. ನನ್ನದು ಅವೆರಡೂ ಅಲ್ಲ, ಪ್ಯಾಪ್ (ಗರ್ಭಕಂಠದ ಜೀವಕೋಶಗಳ ಪರೀಕ್ಷೆ) ಕೂಡ ನಾರ್ಮಲ್.

"ಗಂಡನಿಗೂ ಔಷಧಿ" ಎಂದವರನ್ನು ನಂಬಿರಲಿಲ್ಲ, ಸಾರಿ. ಹಾಗೆ ಮಾಡಿದರೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಮರುಕಳಿಸುವುದು ಕಡಿಮೆ ಎಂದು 2025ರಲ್ಲಿ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿದೆ. ಅದನ್ನು ಡಾಕ್ಟರ್ ಹತ್ತಿರ ಕೇಳಬೇಕು. ಮುಂದಿನ ಎಚ್‌ಪಿವಿ ಟೆಸ್ಟ್ ಒಂದು ವರ್ಷಕ್ಕೆ, ಫೋನಲ್ಲಿ ರಿಮೈಂಡರ್ ಹಾಕಿದ್ದೇನೆ.