ಫೋಟೋದಲ್ಲಿ ಸೀರೆಯ ಬಣ್ಣ ಬದಲಿಸುವುದು: ಹ್ಯೂ, ಸ್ಯಾಚುರೇಶನ್, ಮಾಸ್ಕ್‌ಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಸೀರೆ ಮಾರುವವರಿಗಾಗಿ ಫೋಟೋ ತಿದ್ದುವ ಗಿಂಪ್ ತಂತ್ರಾಂಶದ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕೆಲಸ ಇಷ್ಟೇ: ಸೀರೆ ಉಟ್ಟವರ ಒಂದೇ ಫೋಟೋ ಇಟ್ಟುಕೊಂಡು, ಒಡಲಿನ ಬಣ್ಣ ಮಾತ್ರ ಬದಲಿಸಿ, ಹಸಿರಲ್ಲಿ ಹೀಗಿರುತ್ತದೆ, ನೀಲಿಯಲ್ಲಿ ಹೀಗಿರುತ್ತದೆ ಎಂದು ಗಿರಾಕಿಗೆ ತೋರಿಸುವುದು. ಮೈಬಣ್ಣ, ಸೆರಗು, ಹಿಂದಿನ ಗೋಡೆ ಯಾವುದೂ ಕೆಡಬಾರದು. ಮಾಡುವ ವಿಧಾನ ಗೊತ್ತು, ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲು ಹ್ಯೂ, ಸ್ಯಾಚುರೇಶನ್, ಲೈಟ್‌ನೆಸ್ ಅನ್ನುವ ಮೂರು ಸ್ಲೈಡರ್‌ಗಳು. ಹ್ಯೂ ಅಂದರೆ ಕೆಂಪೋ ಹಳದಿಯೋ ಹಸಿರೋ ಅನ್ನುವುದು. 360 ಡಿಗ್ರಿಯ ಚಕ್ರದಲ್ಲಿ ಕೆಂಪು 0, ಹಳದಿ 60, ಹಸಿರು 120, ನೀಲಿ 240. ಇದಕ್ಕೆ ‘ಛಾಯೆ’ ಅನ್ನುವವರಿದ್ದಾರೆ. ನನಗೆ ಒಗ್ಗುವುದಿಲ್ಲ. ಒಂದೇ ಕೆಂಪಿನ ಬೇರೆ ಬೇರೆ ಛಾಯೆ ಅಂತೀವಿ. ಕೆಂಪು ಹೋಗಿ ಹಸಿರಾದರೆ ಛಾಯೆ ಬದಲಾಯಿತು ಅಂತ ಯಾರೂ ಅನ್ನಲ್ಲ, ಅಲ್ವಾ? ಜೊತೆಗೆ ಛಾಯೆ ಅಂದರೆ ನೆರಳೂ ಹೌದು. ನಿರಿಗೆಯ ನೆರಳಿನ ಬಗ್ಗೆ ಪುಟಗಟ್ಟಲೆ ಬರೆಯಬೇಕಾದ ಕಡೆ ಅದು ಬೇಡವೇ ಬೇಡ. ಹ್ಯೂಗೆ ಸುಮ್ನೆ ‘ಬಣ್ಣ’ ಅಂದರೆ ಸಾಕು ಅನ್ನಿಸುತ್ತದೆ.

ನಿಜವಾದ ತೊಡಕು ಉಳಿದೆರಡರದ್ದು: ಬಣ್ಣ ಎಷ್ಟು ದಟ್ಟ ಅನ್ನುವ ಸ್ಯಾಚುರೇಶನ್, ಎಷ್ಟು ಬೆಳಕು ಅನ್ನುವ ಲೈಟ್‌ನೆಸ್. ನಮ್ಮ ‘ಕಡು’ ಮತ್ತು ‘ತಿಳಿ’ ಎರಡೂ ಸ್ಲೈಡರ್‌ಗಳ ಮೇಲೆ ಕೂತಿವೆ. ಕಡುನೀಲಿ ಅಂದರೆ ಕಪ್ಪಿಗೆ ಹತ್ತಿರದ ನೀಲಿ, ಅಲ್ಲಿ ಲೈಟ್‌ನೆಸ್ ಕಡಿಮೆ. ಕಡುಗೆಂಪು ಅಂದಾಗ ಕೆಲವರ ಕಣ್ಣಿಗೆ ಬರುವುದು ಕಪ್ಪು ಬೆರೆತ ಕೆಂಪು, ಕೆಲವರಿಗೆ ದಟ್ಟವಾದ ಅಚ್ಚ ಕೆಂಪು. ಕೆಂಪು ಸೀರೆಯನ್ನು ಚಕ್ರದಲ್ಲಿ 120 ಡಿಗ್ರಿ ತಿರುಗಿಸಿ ನೋಡಿ. ಗಿಳಿಹಸಿರು ಬೇಕಿದ್ದರೆ ಕಣ್ಣು ಕುಕ್ಕುವ ಹಸಿರು ಬರುತ್ತದೆ, ಏಕೆಂದರೆ ಲೆಕ್ಕದಲ್ಲಿ ಅಷ್ಟೇ ಲೈಟ್‌ನೆಸ್ ಇದ್ದರೂ ಅಚ್ಚ ಹಸಿರು ನಮ್ಮ ಕಣ್ಣಿಗೆ ಅಚ್ಚ ಕೆಂಪಿಗಿಂತ ಜಾಸ್ತಿ ಬೆಳಕಾಗಿ ಕಾಣುತ್ತದೆ. ಆಗ ಸ್ಯಾಚುರೇಶನ್, ಲೈಟ್‌ನೆಸ್ ಎರಡನ್ನೂ ಇಳಿಸಬೇಕು. ಮೊದಲನೆಯದನ್ನು ಇಳಿಸಿದರೆ ಬೂದು ಬಣ್ಣದ ಕಡೆ ಹೋಗುತ್ತದೆ, ಎರಡನೆಯದನ್ನು ಇಳಿಸಿದರೆ ಕಪ್ಪಿನ ಕಡೆ. ‘ಸ್ವಲ್ಪ ತಿಳಿ ಮಾಡಿ’ ಎಂದು ಬರೆದರೆ ಓದುವವರು ಯಾವುದನ್ನು ಎಳೆಯಬೇಕು?

ರಸಾಯನ ಪಾಠದ ಸಂತೃಪ್ತ, ಪರ್ಯಾಪ್ತಗಳನ್ನು ಇಲ್ಲಿಗೆ ತರುವ ಮನಸ್ಸಿಲ್ಲ. ಸ್ಯಾಚುರೇಶನ್‌ಗೆ ‘ರಂಗು’ ಹೇಗೆ? ರಂಗೇರಿತು, ರಂಗು ಹೋಯಿತು ಅಂತೀವಿ, ಏರಿಸುವುದು ಇಳಿಸುವುದು ಎರಡಕ್ಕೂ ಹೊಂದುತ್ತದೆ. ಲೈಟ್‌ನೆಸ್‌ಗೆ ‘ಬೆಳಕು’. ಹೊಳಪು ಅನ್ನಬಹುದಿತ್ತು, ಆದರೆ ಸೀರೆಯವರಿಗೆ ಹೊಳಪು ಅಂದರೆ ಜರಿಯದ್ದು. ಬಾಗಲಕೋಟೆ, ಕಲಬುರಗಿ ಕಡೆಯವರು ಹೇಳಬೇಕು: ನಿಮ್ಮಲ್ಲಿ ರಂಗು ಅಂದರೆ ಬಣ್ಣವೇ ಆಗಿಬಿಟ್ಟರೆ ನನ್ನ ಲೆಕ್ಕ ತಪ್ಪುತ್ತದೆ.

ಇನ್ನು ಅಂಚು. ಆಯ್ಕೆ ಮಾಡಿದ ಭಾಗದ ಎಲ್ಲೆಗೆ ಎಲ್ಲ ಕಡೆ ‘ಅಂಚು’ ಅಂತಲೇ ಬರೆಯುತ್ತಾರೆ. ಆದರೆ ಸೀರೆಗೂ ಅಂಚಿದೆ. ಫೆದರ್ ಮಾಡಲು, ಅಂದರೆ ಆ ಎಲ್ಲೆ ಕತ್ತರಿಸಿದಂತೆ ಕಾಣದೆ ಮೆಲ್ಲಗೆ ಬೆರೆಯುವಂತೆ ಮಾಡಲು, ‘ಅಂಚನ್ನು ಮಸುಕು ಮಾಡಿ’ ಎಂದು ಬರೆದರೆ ಓದಿದವರು ಜರಿ ಅಂಚನ್ನೇ ಮಸುಕು ಮಾಡಿ ಕೂರುತ್ತಾರೆ! ‘ಆಯ್ಕೆಯ ಗೆರೆ’ ಅನ್ನೋಣ ಅಂದುಕೊಂಡಿದ್ದೇನೆ. ಫೆದರ್‌ಗೆ ‘ಗೆರೆಯನ್ನು ಮೆದುಮಾಡು’.

ಮಾಸ್ಕ್ ಅಂದರೆ ಬದಲಾವಣೆ ಎಲ್ಲಿ ಕಾಣಬೇಕು, ಎಲ್ಲಿ ಕಾಣಬಾರದು ಎಂದು ಕಪ್ಪು-ಬಿಳುಪಿನಲ್ಲಿ ಗುರುತಿಸುವುದು. ಅದಕ್ಕೆ ‘ಮುಸುಕು’ ಚೆಂದದ ಪದ. ಆದರೆ ಮುಸುಕು, ಮಸುಕು ಎರಡೂ ಒಂದೇ ಪುಟದಲ್ಲಿ ಬಂದರೆ ಒಂದು ಕೊಂಬು ಬಿಟ್ಟುಹೋದರೂ ಅರ್ಥ ತಲೆಕೆಳಗು. ಅದೂ ಅಲ್ಲದೆ, ಸೀರೆಯವರಿಗೆ ಮುಸುಕು ಅಂದರೆ ತಲೆ ಮೇಲೆ ಹೊದ್ದ ಸೆರಗು. ‘ಮರೆ’ ಚಿಕ್ಕದು, ಕಪ್ಪು ಬಳಿದ ಕಡೆ ಮರೆಯಾಗುತ್ತದೆ ಎಂದು ವಿವರಿಸಲೂ ಸುಲಭ. ಇಳಕಲ್ ಸೀರೆಗೆ ಇದು ಬೇಕೇ ಬೇಕು. ಅದರ ಸೆರಗು ವಾಡಿಕೆಯಂತೆ ಕೆಂಪು, ಬಿಳಿ ತೆನೆಯದ್ದು. ಒಡಲೂ ಕೆಂಪಿದ್ದರೆ ಬಣ್ಣ ನೋಡಿ ಆರಿಸುವ ಉಪಕರಣ ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ. ಸೆರಗಿಗೆ ಮರೆ ಹಾಕದಿದ್ದರೆ ಇಳಕಲ್ ಇಳಕಲ್ ಆಗಿ ಉಳಿಯುವುದಿಲ್ಲ. (ಹಾಸಿಗೊಂದು ಬಣ್ಣ, ಹೊಕ್ಕಿಗೊಂದು ಬಣ್ಣದ ನೂಲಿರುವ ಸೀರೆಗಳ ಕಥೆ ಬೇರೆಯೇ. ಅದನ್ನು ಕೈಪಿಡಿಯಿಂದಲೇ ಬಿಟ್ಟಿದ್ದೇನೆ.)

ಕ್ರಿಯಾಪದದ ವಿಷಯದಲ್ಲಿ ಮಾತ್ರ ಕನ್ನಡ ಕೈ ಹಿಡಿಯಿತು. ಫೋಟೋದ ಮೇಲೆ ಹಾಸಿದ ಮಾಮೂಲಿ ಪದರದಲ್ಲಿ (ಲೇಯರ್) ಬ್ರಷ್ ಆಡಿಸಿದರೆ ನಿರಿಗೆ, ನೇಯ್ಗೆ ಎಲ್ಲ ಮುಚ್ಚಿಹೋಗುತ್ತದೆ, ಗೋಡೆಗೆ ಸುಣ್ಣ ಹೊಡೆದ ಹಾಗೆ. ಇದು ‘ಬಣ್ಣ ಬಳಿಯುವುದು’. ಪದರದ ಮೋಡ್ ಅನ್ನು, ಅಂದರೆ ಅದು ಕೆಳಗಿನ ಚಿತ್ರದೊಂದಿಗೆ ಬೆರೆಯುವ ಬಗೆಯನ್ನು, ಕಲರ್‌ಗೆ ಬದಲಿಸಿದರೆ ಕೆಳಗಿನ ಬೆಳಕು-ನೆರಳು ಹಾಗೇ ಉಳಿದು ಬಣ್ಣವಷ್ಟೇ ಬದಲಾಗುತ್ತದೆ. ಇದು ನೂಲಿಗೆ ‘ಬಣ್ಣ ಹಾಕುವುದು’. ಎರಡನ್ನೂ ಹೀಗೆ ಬೇರೆಯಾಗಿಯೇ ಬಳಸುತ್ತಿದ್ದೇನೆ. ಯಾರಿಗಾದರೂ ಆಕ್ಷೇಪ ಇದೆಯೇ?

ಕೊನೆಯದಕ್ಕೆ ನನ್ನ ಹತ್ತಿರ ಪದವೇ ಇಲ್ಲ. ಕೆಂಪು ಸೀರೆಯ ಬಣ್ಣ ಗದ್ದದ ಕೆಳಗೆ, ತೋಳಿನ ಒಳಬದಿಗೆ ಪ್ರತಿಫಲಿಸಿರುತ್ತದೆ. ಸೀರೆ ಹಸಿರಾದ ಮೇಲೂ ಅಲ್ಲಿ ಆ ಕೆಂಪು ಉಳಿದರೆ ಫೋಟೋ ತಿದ್ದಿದ್ದು ಅಂತ ತಕ್ಷಣ ಗೊತ್ತಾಗುತ್ತದೆ. ‘ಗದ್ದ ಕೆಂಪು ಹೊಡೆಯುತ್ತಿದೆ’ ಎಂದು ಬಾಯಲ್ಲಿ ಸಲೀಸಾಗಿ ಹೇಳುತ್ತೇವೆ. ಆದರೆ ಅಧ್ಯಾಯದ ತಲೆಬರಹಕ್ಕೆ ನಾಮಪದ ಬೇಕು. ‘ಹೊಡೆತ’ ಅಂದರೆ ಪೆಟ್ಟಾಗುತ್ತದೆ, ‘ಪ್ರತಿಫಲನ’ ಅಂದರೆ ಕನ್ನಡಿ ನೆನಪಾಗುತ್ತದೆ. ಬಣ್ಣದ ಅಂಗಡಿಯಲ್ಲೋ ನಾಟಕದ ಬೆಳಕಿನ ಕೆಲಸದಲ್ಲೋ ಇದಕ್ಕೆ ಬಳಕೆಯ ಪದ ಕೇಳಿದವರಿದ್ದರೆ ತಿಳಿಸಿ.