ಅಪ್ಪನ ಪಿಂಚಣಿ: ಟೆಂಪರರಿ ಸ್ಟೇಟಸ್ ಸೇವೆ ಲೆಕ್ಕಕ್ಕೆ ಬರುತ್ತಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಅಪ್ಪ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ದಿನಗೂಲಿಯಾಗಿ ಸೇರಿದವರು. ದಿನಗೂಲಿಗಳಿಗಾಗಿ ತಂದ 1993ರ ಸೆಪ್ಟೆಂಬರ್ ಯೋಜನೆಯಲ್ಲಿ ಟೆಂಪರರಿ ಸ್ಟೇಟಸ್ (ಖಾಯಂ ಆಗುವ ಮುಂಚಿನ ತಾತ್ಕಾಲಿಕ ಸ್ಥಾನಮಾನ) ಸಿಕ್ಕಿತು, 2001ರ ಡಿಸೆಂಬರ್‌ನಲ್ಲಿ ಖಾಯಂ ಆಯಿತು, 2011ರ ಏಪ್ರಿಲ್‌ನಲ್ಲಿ ನಿವೃತ್ತಿ. ಖಾಯಂ ಸೇವೆ 9 ವರ್ಷ 4 ತಿಂಗಳು ಮಾತ್ರ. ಪಿಂಚಣಿಗೆ 10 ವರ್ಷ ಬೇಕು ಅಂತ ಹೇಳಿ, ಗ್ರಾಚ್ಯುಟಿ ಕೊಟ್ಟು ಕಳಿಸಿಬಿಟ್ಟರು. ಎಂಟು ತಿಂಗಳ ಕೊರತೆಗೆ ಜೀವನಪೂರ್ತಿ ಪಿಂಚಣಿ ಹೋಯಿತಲ್ಲ ಅಂತ ಹೊಟ್ಟೆ ಉರಿಯುತ್ತೆ.

ಖಾಯಂ ಆದಮೇಲೆ ಟೆಂಪರರಿ ಸ್ಟೇಟಸ್ ಸೇವೆಯ ಅರ್ಧ ಭಾಗ ಪಿಂಚಣಿಗೆ ಸೇರಬೇಕು ಅಂತ ಆ ಯೋಜನೆಯಲ್ಲೇ ಇದೆ. ಹಾಗೆ ನೋಡಿದರೆ ಅಪ್ಪನಿಗೆ ಇನ್ನೂ ನಾಲ್ಕು ವರ್ಷ ಸಿಗುತ್ತೆ. ಎರಡು ಸಲ ಅರ್ಜಿ ಕೊಟ್ಟೆವು, ಆರ್‌ಟಿಐ ಕೂಡ ಹಾಕಿದೆವು. ಬಂದ ಉತ್ತರ: ಖಾಯಂ ಆಗುವ ಮುಂಚೆ 23 ದಿನ ಸೇವೆಯಲ್ಲಿ ವಿರಾಮ ಇದೆ, ಹಾಗಾಗಿ ಹಿಂದಿನದು ಲೆಕ್ಕಕ್ಕಿಲ್ಲ. ಆ 23 ದಿನ ಅಪ್ಪ ಎಲ್ಲೂ ಹೋಗಿರಲಿಲ್ಲ, ಹೊಸ ಜಾಗದ ಆದೇಶಕ್ಕೆ ಕಾಯುತ್ತಾ ಮನೆಯಲ್ಲೇ ಕೂತಿದ್ದರು. ಸೇವಾ ಪುಸ್ತಕದ ಜೆರಾಕ್ಸ್ ನಮ್ಮ ಹತ್ತಿರ ಇದೆ. ಆ ಪುಟದಲ್ಲಿ ವಿರಾಮದ ಬಗ್ಗೆ ಒಂದಕ್ಷರವೂ ಬರೆದಿಲ್ಲ, ಎರಡು ತಾರೀಖು, ಒಂದು ಮಾಸಿದ ಸೀಲು ಅಷ್ಟೇ.

ಅಪ್ಪ ನಿವೃತ್ತರಾದಾಗ ಜಾರಿಯಲ್ಲಿದ್ದ 1972ರ ಪಿಂಚಣಿ ನಿಯಮಗಳ 28ನೇ ನಿಯಮ ಓದಿದೆ. ಸೇವಾ ಪುಸ್ತಕದಲ್ಲಿ ವಿರುದ್ಧವಾಗಿ ಬರೆಯದಿದ್ದರೆ ಎರಡು ಸೇವೆಗಳ ನಡುವಿನ ವಿರಾಮ ತಾನಾಗಿಯೇ ಮನ್ನಾ ಅಂತ ಇದೆ. ನನಗೆ ಗೊಂದಲ ಇಲ್ಲೇ.

ಟೆಂಪರರಿ ಸ್ಟೇಟಸ್ ಮತ್ತು ಖಾಯಂ ನೇಮಕದ ನಡುವಿನ ವಿರಾಮಕ್ಕೂ ಈ 28ನೇ ನಿಯಮ ಅನ್ವಯಿಸುತ್ತಾ? ಇಂಥ ಪ್ರಕರಣದಲ್ಲಿ ಪಿಂಚಣಿ ಪಡೆದವರಿದ್ದರೆ, ಮೊದಲು ಪಿಂಚಣಿ ಅದಾಲತ್‌ಗೆ (ಪಿಂಚಣಿ ದೂರು ಕೇಳುವ ಸಭೆ) ಹೋದಿರಾ, ನೇರವಾಗಿ ಸಿಎಟಿಗೆ (ಕೇಂದ್ರ ಆಡಳಿತ ನ್ಯಾಯಮಂಡಳಿ) ಹೋದಿರಾ, ದಯವಿಟ್ಟು ತಿಳಿಸಿ.